ನೀವು, ನೀನು, ಐಎಸ್‌ಬಿಎನ್: ಒಂದು ಪ್ರೇಮ ಕಾದಂಬರಿ ಪುಸ್ತಕವಾದ ಬಗೆ

ಹೋದ ವಾರ ಬೈಂಡಿಂಗ್ ಮುಗಿದು ನನ್ನ ಪ್ರೇಮ ಕಾದಂಬರಿಯ ಕಟ್ಟುಗಳು ಬಂದಿಳಿದವು. ಡೆಮಿ 1/8 ಅಳತೆ (ಮಾಮೂಲಿ ಕಾದಂಬರಿಯ ಗಾತ್ರ), 192 ಪುಟ, 500 ಪ್ರತಿ. ಬರೆಯಲು ಹಿಡಿದದ್ದು ಹತ್ತು ತಿಂಗಳು, ಬರೆದದ್ದು ಪುಸ್ತಕವಾಗಲು ಎರಡು ವರ್ಷದ ಮೇಲೆ. ಈ ಅವಧಿಯಲ್ಲಿ ನಾಯಕ ನಾಯಕಿಯರಿಗಿಂತ ಹೆಚ್ಚು ಒಡನಾಡಿದ್ದು ಅರ್ಜಿ, ಕರಡು, ಕರಾರುಪತ್ರಗಳ ಜೊತೆ. ಬರೆದು ಮುಗಿಸಿ ‘ಮುಂದೇನು’ ಅಂತ ಕೂತಿರುವವರಿಗೆ ಉಪಯೋಗವಾದೀತು ಅಂತ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಮೊದಲು ಅಳತೆ. ವಾರಪತ್ರಿಕೆಯ ಧಾರಾವಾಹಿಗೆ ಒಂದು ಕಂತು ಸುಮಾರು 1,500 ಪದ ಎಂದಿಟ್ಟುಕೊಂಡರೆ 30 ಕಂತಿಗೆ 45,000 ಪದ. ಡೆಮಿ ಪುಟದಲ್ಲಿ 12 ಪಾಯಿಂಟ್ ಅಕ್ಷರಕ್ಕೆ 230ರಿಂದ 250 ಪದ ಹಿಡಿಯುತ್ತದೆ. ಅಂದರೆ 180ರಿಂದ 195 ಪುಟ. ಈ ಲೆಕ್ಕ ಮೊದಲ ದಿನವೇ ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ನಾಯಕ ನಾಯಕಿಯನ್ನು ಮೊದಲ ಸಲ ನೋಡುವ ಹೊತ್ತಿಗೆ ಎಂಟು ಕಂತು ಮುಗಿದಿರುತ್ತದೆ, ಕೊನೆಗೆ ಮನೆಯವರ ವಿರೋಧ, ಅಗಲಿಕೆ, ಮದುವೆ ಮೂರನ್ನೂ ಎರಡು ಕಂತಿನಲ್ಲಿ ತುರುಕಬೇಕಾಗುತ್ತದೆ. ಪ್ರೇಮ ಕಾದಂಬರಿ ಅರ್ಧಕ್ಕೆ ಸೊರಗುವುದು ಭಾಷೆಯಿಂದಲ್ಲ, ಈ ಹಂಚಿಕೆಯಿಂದ.

ಎರಡನೆಯ ಹಾಳೆ ನಂಟಸ್ತಿಕೆಯದು. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಅಂತ ಒಂದು ಕೋಷ್ಟಕ ಮಾಡಿಕೊಳ್ಳದೆ ಮೊದಲ ಸಾಲು ಬರೆಯಬೇಡಿ. ನಮ್ಮಲ್ಲಿ ಸೋದರಮಾವನ ಮಗ, ಸೋದರತ್ತೆಯ ಮಗ ನಾಯಕನಾಗಬಹುದು. ಚಿಕ್ಕಪ್ಪನ ಮಗ, ದೊಡ್ಡಮ್ಮನ ಮಗ ಅಣ್ಣ ಅಥವಾ ತಮ್ಮನೇ. ‘ದೂರದ ನೆಂಟ’ ಅಂತ ತೇಲಿಸಿ ಬರೆದರೆ ಓದುಗರು ಬಿಡುವುದಿಲ್ಲ, ಕೂತು ಸಂಬಂಧ ಬಿಡಿಸುತ್ತಾರೆ. ಮೂರನೇ ಕಂತಿನಲ್ಲಿ ನಾಯಕಿ ಒಮ್ಮೆ ‘ಅಣ್ಣಾ’ ಎಂದು ಕರೆದವನನ್ನು ಹತ್ತನೇ ಕಂತಿನಲ್ಲಿ ಪ್ರೀತಿಸಿದರೆ ಪತ್ರಿಕೆಗೆ ಬರುವ ಕಾಗದಗಳನ್ನು ಸಂಪಾದಕರೇ ನಿಮಗೆ ಓದಿ ಹೇಳುತ್ತಾರೆ.

ಇನ್ನು ‘ನೀವು’ ಮತ್ತು ‘ನೀನು’. ಕನ್ನಡದ ಪ್ರೇಮ ಕಾದಂಬರಿಗೆ ಇದಕ್ಕಿಂತ ದೊಡ್ಡ ಸಲಕರಣೆ ಇಲ್ಲ. ಮುಟ್ಟುವುದು, ಅಪ್ಪುವುದು ಯಾವುದೂ ಮಾಡದ ಕೆಲಸವನ್ನು ಬಹುವಚನ ಏಕವಚನಕ್ಕೆ ಇಳಿಯುವ ಆ ಒಂದು ಸಾಲು ಮಾಡುತ್ತದೆ. ಹಾಗಾಗಿ ಅದು ಯಾವ ಕಂತಿನ ಯಾವ ಮಾತಿನಲ್ಲಿ, ಯಾರ ಬಾಯಲ್ಲಿ ಮೊದಲು ಎಂಬುದು ಮುಂಚೆಯೇ ತೀರ್ಮಾನವಾಗಿರಬೇಕು. ಜಗಳವಾದಾಗ ಮತ್ತೆ ‘ನೀವು’ಗೆ ಏರಿದರೆ ಅದೇ ಮುನಿಸು, ಬೇರೆ ವಿವರಣೆ ಬೇಡ. ಹೆಚ್ಚು ತಪ್ಪು ಬೀಳುವುದೂ ಇಲ್ಲೇ. ಹಳೆಯ ಅಧ್ಯಾಯ ತಿದ್ದುವಾಗ ಹೊಸ ಸಂಭಾಷಣೆ ಸೇರಿಸುತ್ತೀರಿ, ಕೈ ಅಭ್ಯಾಸದಲ್ಲಿ ಏಕವಚನ ಬರೆದುಬಿಡುತ್ತದೆ. ಅದಕ್ಕೆ ‘ನೀನು, ನಿನ್ನ, ನಿನಗೆ’ ಮೂರನ್ನೂ ಕಂಪ್ಯೂಟರಿನಲ್ಲಿ ಹುಡುಕಿಸಿ ಒಂದೊಂದೇ ನೋಡಬೇಕು. ‘ಬಾ’, ‘ಹೋಗು’ ಥರದ ಕ್ರಿಯಾಪದದಲ್ಲಿ ಅಡಗಿರುವ ಏಕವಚನ ಈ ಹುಡುಕಾಟಕ್ಕೆ ಸಿಗುವುದಿಲ್ಲ, ಕಣ್ಣಲ್ಲೇ ಹಿಡಿಯಬೇಕು. ‘ರೀ’ ಕೂಡ ಹಾಗೆಯೇ. ಮೈಸೂರು ಕಡೆ ಹೆಂಡತಿ ಗಂಡನನ್ನು ‘ರೀ’ ಅಂದರೆ ಅದರಲ್ಲಿ ಸಲುಗೆಯಿದೆ. ಧಾರವಾಡದ ಕಡೆ ‘ಹೌದ್ರಿ’, ‘ಬರ್‍ರಿ’ ಎಲ್ಲರಿಗೂ ಸಲ್ಲುವ ಮರ್ಯಾದೆ. ಧಾರವಾಡದ ನಾಯಕಿ ಅಂಗಡಿಯವನಿಗೆ ‘ರೀ’ ಅಂದಾಗ ಮೈಸೂರಿನ ನಾಯಕ ನಾಚಿದಂತೆ ಬರೆದರೆ, ಅದು ಬೇಕೆಂದೇ ಮಾಡಿದ ತಮಾಷೆ ಅಂತ ಓದುಗರಿಗೆ ಗೊತ್ತಾಗಬೇಕು.

ಕಥೆಯೊಳಗಿನ ಕಾನೂನೂ ಸರಿ ಇರಬೇಕು. ಓಡಿಹೋದ ಜೋಡಿ ಅದೇ ಮಧ್ಯಾಹ್ನ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಹಾರ ಬದಲಾಯಿಸುವುದು ಸಿನಿಮಾದ್ದು. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ನೋಟಿಸ್ ಕೊಡುವ ಮುಂಚೆ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು, ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಆಮೇಲೆ ನೋಂದಣಿ ಮಾಡಿಸುವುದು ಬೇರೆ ದಾರಿ. ಗೊತ್ತಿಲ್ಲದವರಿಗೆ ಈ ಕಾಯ್ದೆ ಅಡ್ಡಿ, ಗೊತ್ತಿದ್ದವರಿಗೆ ವರ. ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಇಬ್ಬರ ಹೆಸರು ಒಂದು ತಿಂಗಳು ನೇತಾಡುತ್ತಿದ್ದರೆ ನಾಲ್ಕು ಕಂತಿನ ಆತಂಕ ಪುಕ್ಕಟೆ ಸಿಕ್ಕಂತೆ.

ಹಾಡಿನ ಸಾಲುಗಳ ವಿಷಯ ನನಗೆ ತಡವಾಗಿ ತಿಳಿಯಿತು, ನಿಮಗೆ ಈಗಲೇ ತಿಳಿಯಲಿ. ನಾಯಕ ಗುನುಗುವ ಚಿತ್ರಗೀತೆಯ ಸಾಹಿತ್ಯ ಯಾರದೋ ಹಕ್ಕಿನ ಸ್ವತ್ತು. ಅನುಮತಿ ಇಲ್ಲದೆ ಅಚ್ಚು ಹಾಕುವಂತಿಲ್ಲ. ಭಾವಗೀತೆಗೂ ಅದೇ ನಿಯಮ. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರ ಆಯುಷ್ಯ ಮತ್ತು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041ರ ಕೊನೆಯವರೆಗೆ. ಕೆ.ಎಸ್. ನರಸಿಂಹಸ್ವಾಮಿ 2003ರಲ್ಲಿ, ಆದ್ದರಿಂದ 2063ರ ಕೊನೆಯವರೆಗೆ. ಪ್ರೇಮ ಕಾದಂಬರಿಕಾರರಿಗೆ ಇದು ನೋವಿನ ಸಂಗತಿಯೇ, ಏನು ಮಾಡೋಣ. ಅಕ್ಕಮಹಾದೇವಿಯ ವಚನಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ವಿರಹಕ್ಕೆ ಅಲ್ಲಿ ಬೇಕಾದಷ್ಟಿದೆ.

ಹಸ್ತಪ್ರತಿ ಮುಗಿದ ಮೇಲೆ ಪತ್ರಿಕೆಗೆ. ಕಳಿಸುವಾಗ ಪೂರ್ತಿ ಕಾದಂಬರಿಯ ಜೊತೆ ಎರಡು ಪುಟದ ಕಥಾಸಾರ, ಕಂತುಗಳ ಪಟ್ಟಿ, ‘ಸ್ವತಂತ್ರ ಕೃತಿ, ಅನುವಾದವಲ್ಲ, ಬೇರೆಲ್ಲೂ ಪ್ರಕಟವಾಗಿಲ್ಲ’ ಎಂಬ ಒಂದು ಸಾಲಿನ ದೃಢೀಕರಣ ಇರಲಿ. ‘ಬೇರೆಲ್ಲೂ’ ಎಂಬುದರಲ್ಲಿ ಮೊಬೈಲ್ ಆ್ಯಪ್, ಫೇಸ್‌ಬುಕ್ ಎಲ್ಲಾ ಸೇರುತ್ತದೆ. ಪ್ರತಿಲಿಪಿಯಂಥ ಕಥೆ ಓದುವ ಆ್ಯಪ್‌ನಲ್ಲಿ ಐದು ಅಧ್ಯಾಯ ಹಾಕಿ ಓದುಗರ ನಾಡಿ ನೋಡಿ ಆಮೇಲೆ ವಾರಪತ್ರಿಕೆಗೆ ಕಳಿಸುತ್ತೇನೆ ಅನ್ನುವ ಲೆಕ್ಕಾಚಾರ ನಡೆಯುವುದಿಲ್ಲ. ಎರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಿ. ಆ್ಯಪ್‌ನಲ್ಲಿ ಓದುಗರ ಮಾತು ಅದೇ ರಾತ್ರಿ ಸಿಗುತ್ತದೆ. ಆದರೆ ಅವರ ಒತ್ತಾಯಕ್ಕೆ ಬಗ್ಗಿ ಕಥೆ ಎಳೆಯುವ ಚಟವೂ ಅಲ್ಲೇ ಅಂಟುತ್ತದೆ, 60 ಅಧ್ಯಾಯದ ಕಥೆ 200 ಆಗುತ್ತದೆ. ಬಲವಂತದ ಮದುವೆ, ಕೈತಿರುಚುವ ಗಂಡ, ಕೊನೆಗೆ ಅವನನ್ನೇ ಪ್ರೀತಿಸುವ ಹೆಂಡತಿ ಎಂಬ ಸರಕು ಅಲ್ಲಿ ಚೆನ್ನಾಗಿ ಓಡುತ್ತದೆ. ಅದನ್ನು ಪ್ರೇಮ ಎಂದು ಕರೆಯಲು ನನಗೆ ಒಪ್ಪಿಗೆ ಇಲ್ಲ.

ನನ್ನದು ಒಂದು ಪತ್ರಿಕೆಯಲ್ಲಿ ಏಳು ತಿಂಗಳು ಕೂತಿತ್ತು. ಸ್ವೀಕೃತಿಯೂ ಇಲ್ಲ, ತಿರಸ್ಕಾರವೂ ಇಲ್ಲ. ಇಂಥ ಮೌನಕ್ಕೆ ಮೂರು ತಿಂಗಳಿಗೊಂದು ವಿನಯದ ನೆನಪೋಲೆ ಸಾಕು. ಆರು ತಿಂಗಳಾದ ಮೇಲೆ ‘ಇಂಥ ದಿನಾಂಕದೊಳಗೆ ತಿಳಿಸದಿದ್ದರೆ ಹಸ್ತಪ್ರತಿ ಹಿಂಪಡೆದಿದ್ದೇನೆಂದು ಭಾವಿಸಿ’ ಅಂತ ಬರೆದು, ಆ ದಿನ ಕಳೆದ ಮೇಲೆಯೇ ಇನ್ನೊಂದು ಕಡೆ ಕಳಿಸಬೇಕು. ಎರಡು ಕಡೆ ಒಟ್ಟಿಗೆ ಕಳಿಸಿ ಎರಡರಲ್ಲೂ ಆಯ್ಕೆಯಾದರೆ ಎರಡೂ ಬಾಗಿಲು ಮುಚ್ಚುತ್ತವೆ. ಎರಡನೆಯ ಪತ್ರಿಕೆಯಲ್ಲಿ ಧಾರಾವಾಹಿ ಬಂತು.

ಗೌರವಧನದ ಚೆಕ್ಕೂ ಬಂತು, ಕಾವ್ಯನಾಮಕ್ಕೆ! ಬ್ಯಾಂಕ್ ಖಾತೆ ಇರುವುದು ಆಧಾರ್ ಹೆಸರಿನಲ್ಲಿ, ಚೆಕ್ಕಿನ ಮೇಲಿರುವ ಹೆಸರಿನ ವ್ಯಕ್ತಿ ಬ್ಯಾಂಕಿನ ಮಟ್ಟಿಗೆ ಹುಟ್ಟೇ ಇಲ್ಲ. ಚೆಕ್ ಮೂರು ತಿಂಗಳು ಮಾತ್ರ ಚಾಲ್ತಿ. ಹಿಂದೆ ಕಳಿಸಿ ಬದಲಿ ತರಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಕಾವ್ಯನಾಮ ಇಟ್ಟುಕೊಂಡವರು ಹಸ್ತಪ್ರತಿಯ ಜೊತೆಗೇ ‘ಪ್ರಕಟಣೆಗೆ ಈ ಹೆಸರು, ಪಾವತಿಗೆ ಈ ಹೆಸರು’ ಅಂತ ಎರಡನ್ನೂ ಬರೆದು ಪ್ಯಾನ್ ಸಂಖ್ಯೆ, ಖಾತೆ ವಿವರ ಕೊಡಿ. ಪ್ಯಾನ್ ಕೊಡದಿದ್ದರೆ, ತೆರಿಗೆ ಮುರಿಯಬೇಕಾದ ಮೊತ್ತವಾದಲ್ಲಿ 10ರ ಬದಲು ಶೇ 20 ಮುರಿಯುತ್ತಾರೆ. ಕಾವ್ಯನಾಮಕ್ಕೆ ಇನ್ನೊಂದು ಮುಖವೂ ಇದೆ. ಬರೆದವರು ಯಾರೆಂದು ಎಲ್ಲೂ ಬಹಿರಂಗವಾಗದಿದ್ದರೆ ಹಕ್ಕಿನ ಅವಧಿ ಆಯುಷ್ಯದ ಲೆಕ್ಕದಲ್ಲಿ ಸಿಗುವುದಿಲ್ಲ, ಪ್ರಕಟಣೆಯಿಂದ 60 ವರ್ಷ ಅಷ್ಟೇ. ತ್ರಿವೇಣಿ ಎಂದರೆ ಅನಸೂಯಾ ಶಂಕರ್ ಎಂದು ನಾಡಿಗೆಲ್ಲ ಗೊತ್ತಿತ್ತು. ಅವರು 1963ರಲ್ಲಿ ತೀರಿಕೊಂಡರು, ಅವರ ಬರಹದ ಹಕ್ಕು ಮುಗಿದದ್ದು 2023ರ ಕೊನೆಗೆ.

ಇನ್ನು ಕರಾರು. ಧಾರಾವಾಹಿ ಮುಗಿಯುತ್ತಿದ್ದಂತೆ ಒಬ್ಬ ಪ್ರಕಾಶಕರು ಒಂದೇ ಪುಟದ ಕಾಗದ ಕಳಿಸಿದರು. ಅದರಲ್ಲಿ ‘ಕೃತಿಯ ಎಲ್ಲಾ ಹಕ್ಕುಗಳು’ ಎಂಬ ಮೂರು ಪದ ಬಿಟ್ಟರೆ ಬೇರೇನೂ ಮುಖ್ಯವಾದದ್ದು ಇರಲಿಲ್ಲ. ಪ್ರತಿಯಾಗಿ 25 ಗೌರವ ಪ್ರತಿ. ಸಂಕೋಚದಿಂದ ಸಹಿ ಹಾಕುವವರೇ ಹೆಚ್ಚು, ಮೊದಲ ಪುಸ್ತಕದ ಆಸೆಗೆ. ಹಾಕಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಒಮ್ಮೆ ಓದಿ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಧನ ಎಂಬುದು ಬರೆದಿರಬೇಕು. ಕಾಲ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. ಒಂದು ಕಾದಂಬರಿಯಲ್ಲಿ ಧಾರಾವಾಹಿ, ಮುದ್ರಿತ ಪುಸ್ತಕ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ, ಕಿರುತೆರೆ ಅಂತ ಏಳು ಬೇರೆ ಬೇರೆ ಹಕ್ಕುಗಳಿವೆ. ಪುಸ್ತಕ ಹಾಕುವವರಿಗೆ ಬೇಕಾದದ್ದು ಒಂದು. ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರ ಕಾದಂಬರಿಗಳನ್ನು ತೆರೆಗೆ ತಂದ ನಾಡು ಇದು, ನಿಮ್ಮದನ್ನು ಯಾರೂ ಕೇಳಲಾರರು ಅಂತ ನೀವೇ ತೀರ್ಮಾನಿಸಬೇಡಿ. ‘ಮುದ್ರಿತ ಪುಸ್ತಕ, ಕನ್ನಡ, ಮೊದಲ ಮುದ್ರಣ 1,000 ಪ್ರತಿ, ಮುಖಬೆಲೆಯ ಶೇ 10 ರಾಯಧನ’ ಎಂದು ನಾನು ತಿದ್ದಿ ಕಳಿಸಿದೆ. 200 ರೂಪಾಯಿ ಮುಖಬೆಲೆಗೆ ಎಲ್ಲಾ ಪ್ರತಿ ಮಾರಾಟವಾದರೆ 20,000 ರೂಪಾಯಿ, ಯಾರ ಮನೆಯೂ ಮುಳುಗುವ ಮೊತ್ತವಲ್ಲ. ಉತ್ತರ ಬರಲಿಲ್ಲ. ಅಲ್ಲಿಗೆ ಸ್ವಂತ ಪ್ರಕಟಣೆ.

ಧಾರಾವಾಹಿಯನ್ನು ಹಾಗೇ ಪುಸ್ತಕ ಮಾಡಬಾರದು. ಪ್ರತಿ ಕಂತಿನ ಮೊದಲಲ್ಲಿ ಹಿಂದಿನ ವಾರ ನೆನಪಿಸುವ ಎರಡು ಮೂರು ಸಾಲು ಇರುತ್ತದೆ, ಕೊನೆಯಲ್ಲಿ ಬಾಗಿಲು ಬಡಿದ ಸದ್ದು ಅಥವಾ ಫೋನ್ ರಿಂಗಣ. ವಾರದ ಓದಿಗೆ ಅದು ಬೇಕು. ಪುಸ್ತಕದಲ್ಲಿ ಆರು ಪುಟಕ್ಕೊಮ್ಮೆ ಬಾಗಿಲು ಬಡಿದರೆ ಓದುವವರಿಗೆ ತಲೆನೋವು. ಯುಗಾದಿ ಸಂಚಿಕೆಗೆಂದು ತುರುಕಿದ ಬೇವು-ಬೆಲ್ಲ ಕಥೆಯ ಕಾಲಕ್ಕೆ ಹೊಂದುತ್ತದೆಯೇ ನೋಡಿ.

ಆಮೇಲೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ. ಇಲ್ಲೇ ಅತಿ ಹೆಚ್ಚು ಹಾನಿ. ನಾವು ಬರೆಯುವುದು ಯುನಿಕೋಡ್ ಎಂಬ, ಮೊಬೈಲು ಕಂಪ್ಯೂಟರು ಎಲ್ಲಕ್ಕೂ ಹೊಂದುವ ಅಕ್ಷರ ಸಂಕೇತದಲ್ಲಿ, ಎಷ್ಟೋ ಡಿಟಿಪಿಯವರು ಇವತ್ತಿಗೂ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರದಲ್ಲಿ ಪುಟ ಕಟ್ಟುತ್ತಾರೆ. ಪರಿವರ್ತಿಸುವಾಗ ಅಕ್ಷರಗಳ ನಡುವಿನ ಕಾಣದ ಗುರುತುಗಳು ಉದುರುತ್ತವೆ. ‘ಬ್ಯಾಂಕ್‌ಗೆ’ ಹೋಗಬೇಕಾದವನು ‘ಬ್ಯಾಂಕ್ಗೆ’ ಹೋಗುತ್ತಾನೆ, ‘ಫೋನ್‌ನಲ್ಲಿ’ ಎಂಬುದು ‘ಫೋನ್ನಲ್ಲಿ’ ಆಗುತ್ತದೆ, ನಾಯಕಿಗೆ ಬಂದ ‘ರ‍್ಯಾಂಕ್’ ‘ರ್ಯಾಂಕ್’ ಆಗಿ ಬೇಡದ ಅರ್ಕಾವೊತ್ತು ಬಂದು ಕೂರುತ್ತದೆ. ಉದ್ಧರಣ ಚಿಹ್ನೆಗಳು ತಿರುಗಿಬೀಳುತ್ತವೆ. ಪ್ರೇಮ ಕಾದಂಬರಿಯಲ್ಲಿ ಅರ್ಧ ಭಾಗ ಸಂಭಾಷಣೆಯೇ ಆದ್ದರಿಂದ ಇದು ಸಣ್ಣ ಕೆಲಸವಲ್ಲ. ಪೂರ್ತಿ ಕಾದಂಬರಿ ಕೊಡುವ ಮುಂಚೆ ಇಂಥ ಪದಗಳಿರುವ ಒಂದು ಪುಟ ಕೊಟ್ಟು ಪರೀಕ್ಷಿಸಿ. ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಇಟ್ಟುಕೊಂಡೇ ಪುಟ ಕಟ್ಟುವವರು ಸಿಕ್ಕರೆ ಪುಟಕ್ಕೆ ನಾಲ್ಕು ರೂಪಾಯಿ ಹೆಚ್ಚಾದರೂ ಅವರಿಗೇ ಕೊಡಿ, ಮುಂದೆ ಇ-ಪುಸ್ತಕಕ್ಕೂ ಅದೇ ಕಡತ ಆಗುತ್ತದೆ. ಕರಡು (ಪ್ರೂಫ್) ಕನಿಷ್ಠ ಮೂರು ಸಲ ನೋಡಬೇಕು, ಕೊನೆಯದು ಕಾಗದದ ಮೇಲೆ.

ಅಚ್ಚಿನವರು ಎಣಿಸುವುದು ಫಾರ್ಮ್ ಲೆಕ್ಕದಲ್ಲಿ, ಒಂದು ಫಾರ್ಮ್‌ಗೆ 16 ಪುಟ. 12 ಫಾರ್ಮ್ ಅಂದರೆ 192. ನನ್ನದು ಮೊದಲ ಕರಡಿನಲ್ಲಿ 197 ಬಂತು. ಆ 5 ಪುಟಕ್ಕೆ ಇನ್ನೊಂದು ಫಾರ್ಮ್ ಹಾಕಿಸುವ ಬದಲು ಮುನ್ನುಡಿ ಚಿಕ್ಕದು ಮಾಡಿ, ಅಧ್ಯಾಯಗಳ ಕೊನೆಯಲ್ಲಿ ಎರಡು ಮೂರು ಸಾಲಿಗೆ ಹೊಸ ಪುಟ ಹಿಡಿದಿದ್ದ ಕಡೆ ಕತ್ತರಿಸಿ ಇಳಿಸಿದೆ. ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ನಸುಹಳದಿ ಮ್ಯಾಪ್‌ಲಿಥೊ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್. ಪುಟಸಂಖ್ಯೆ ಅಂತಿಮವಾಗದೆ ಮುಖಪುಟ ಮುಗಿಸಬೇಡಿ. ಬೆನ್ನಿನ ದಪ್ಪ ಅದರ ಮೇಲೆ ನಿಂತಿದೆ, 192 ಪುಟಕ್ಕೆ ಸುಮಾರು 9–10 ಮಿಲಿಮೀಟರ್. ಮುಖಪುಟದ ಚಿತ್ರ ಯಾರದೆಂದು ಲಿಖಿತ ಅನುಮತಿ ಇರಲಿ, ಗೂಗಲ್‌ನಲ್ಲಿ ಸಿಕ್ಕ ಜೋಡಿಯ ಫೋಟೊ ಬೇಡವೇ ಬೇಡ. ಆಫ್‌ಸೆಟ್‌ನಲ್ಲಿ 500ಕ್ಕೂ 1,000ಕ್ಕೂ ಪ್ಲೇಟಿನ ಖರ್ಚು ಒಂದೇ, ಹಾಗಾಗಿ ‘ಇನ್ನೈನೂರು ಹಾಕಿಸಿಬಿಡಿ, ಕಾಗದದ ದುಡ್ಡಷ್ಟೇ’ ಎನ್ನುತ್ತಾರೆ. ಲೆಕ್ಕ ಸರಿ, ಆದರೆ ಆ ಐನೂರು ಇರುವುದು ನಿಮ್ಮ ಮಂಚದ ಕೆಳಗೆ.

ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಗೆ, ಒಂದು ಪೈಸೆಯೂ ಕೊಡಬೇಕಾಗಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ತನ್ನ ಜಾಲತಾಣದಲ್ಲಿ ಅರ್ಜಿ ಪಡೆದು ಉಚಿತವಾಗಿ ಕೊಡುತ್ತದೆ, ಲೇಖಕರೇ ಹಾಕಬಹುದು. ಆದರೂ ‘ಮಾಡಿಸಿಕೊಡ್ತೀವಿ’ ಅಂತ ದುಡ್ಡು ಕೇಳುವವರಿದ್ದಾರೆ. ಗುರುತಿನ ಚೀಟಿ, ಶೀರ್ಷಿಕೆ ಪುಟ, ಮುಖಪುಟದ ಕಡತ ಸಿದ್ಧವಿಟ್ಟುಕೊಳ್ಳಿ. ಹೆಸರಿನ ಇಂಗ್ಲಿಷ್ ಕಾಗುಣಿತ ಎಲ್ಲಾ ಕಡೆ ಒಂದೇ ಇರಬೇಕು. ಕಾಗದದ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಸಂಖ್ಯೆ. ಬದಲಾವಣೆ ಇಲ್ಲದ ಮರುಮುದ್ರಣಕ್ಕೆ ಹಳೆಯದೇ. ಬಂದ 13 ಅಂಕಿಯನ್ನು ಡಿಟಿಪಿಯವರು ತಪ್ಪಾಗಿ ಹೊಡೆದಿದ್ದಾರೆಯೇ ಅಂತ ನೀವೇ ನೋಡಬಹುದು. ಮೊದಲ 12 ಅಂಕಿಗಳನ್ನು ಸರದಿಯಲ್ಲಿ 1, 3, 1, 3ರಿಂದ ಗುಣಿಸಿ ಕೂಡಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಮ್ಮಿಯೋ ಅದೇ ಕೊನೆಯ ಅಂಕಿ (ಮೊತ್ತವೇ ಹತ್ತರ ಗುಣಕವಾದರೆ 0). ಹಕ್ಕುಗಳ ಪುಟದಲ್ಲಿ ಮೊದಲ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಪುಟ, ಅಳತೆ, ಬಳಸಿದ ಕಾಗದ, ಬೆಲೆ ಎಲ್ಲಾ ಬರಲಿ. ಗ್ರಂಥಾಲಯದವರು ಮೊದಲು ತೆರೆಯುವುದು ಆ ಪುಟವನ್ನೇ.

ಪುಸ್ತಕ ಬಂದ 30 ದಿನದೊಳಗೆ, ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರದೇ ಇನ್ನೊಂದು ಕಾಯ್ದೆಯಂತೆ, ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಪ್ರಕಾಶಕರ ಖರ್ಚಿನಲ್ಲಿ ಹೋಗಬೇಕು. ಸ್ವಂತ ಪ್ರಕಟಣೆಯಾದರೆ ಪ್ರಕಾಶಕರು ನೀವೇ. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಕೊಟ್ಟು ನೋಂದಣಿಯ ರಸೀದಿ ಇಟ್ಟುಕೊಳ್ಳಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅದು ಬೇಕಾಗುತ್ತದೆ. ಆ ಯೋಜನೆಯಲ್ಲಿ ಆಯಾ ವರ್ಷ ಮೊದಲ ಮುದ್ರಣ ಕಂಡ ಪುಸ್ತಕಗಳನ್ನು ಪರಿಗಣಿಸುತ್ತಾರೆ, ಆಯ್ಕೆಯಾದರೆ 300 ಪ್ರತಿಯವರೆಗೆ ಕೊಳ್ಳುತ್ತಾರೆ. ಕೊಡುವುದು ಪುಟದ ಲೆಕ್ಕದಲ್ಲಿ, ನೀವು ಅಚ್ಚು ಹಾಕಿದ ಮುಖಬೆಲೆಗೆ ಅಲ್ಲ. ಆ ದುಡ್ಡು ನೆಚ್ಚಿಕೊಂಡು ಪ್ರೆಸ್‌ನವರಿಗೆ ಮಾತು ಕೊಡಬೇಡಿ. ಡಿಸೆಂಬರ್ ಕೊನೆಯಲ್ಲಿ ಅಚ್ಚಾದ ಪುಸ್ತಕಕ್ಕೆ ಓಡಾಟಕ್ಕೆ ಸಮಯವೇ ಸಿಗುವುದಿಲ್ಲ, ಜನವರಿಗೆ ತಳ್ಳುವುದು ಮೇಲು. ಪ್ರೇಮ ಕಾದಂಬರಿ ಅಂದರೆ ಆಯ್ಕೆಯ ಹೊತ್ತಿಗೆ ಮೂಗು ಮುರಿಯುವವರು ಇರುತ್ತಾರೆ. ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ ಯಾವ ಪುಸ್ತಕದ ಬೆನ್ನು ಕಿತ್ತುಬಂದಿದೆ ನೋಡಿದರೆ ಓದುಗರು ಬೇರೆಯೇ ಹೇಳುತ್ತಾರೆ.

ಹಕ್ಕುಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ಯಾರಾದರೂ ಅಧ್ಯಾಯ ಕದ್ದು ತಮ್ಮ ಹೆಸರಲ್ಲಿ ಹಾಕಿಕೊಂಡಾಗ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತದೆ. ಹಕ್ಕುಸ್ವಾಮ್ಯ ಕಚೇರಿಯ ಅರ್ಜಿ ನಮೂನೆ 14, ಶುಲ್ಕ 500 ರೂಪಾಯಿ. ಡೈರಿ ಸಂಖ್ಯೆ (ಅರ್ಜಿ ದಾಖಲಾದ ಸಂಖ್ಯೆ) ಸಿಕ್ಕ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. ಮದುವೆಗೂ ಅಷ್ಟೇ, ಹಕ್ಕಿಗೂ ಅಷ್ಟೇ. ಆಮೇಲೆ ಪರಿಶೀಲನೆಯ ಸರದಿ. ಅದರಲ್ಲಿ ಕೊರತೆಪತ್ರ ಬಂದರೆ ಇಮೇಲ್‌ನ ಸ್ಪಾಮ್ ಡಬ್ಬಿಯಲ್ಲಿ ಕೊಳೆಯಬಾರದು, ಉತ್ತರ ಕೊಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನನ್ನದು ಇನ್ನೂ ಸರದಿಯಲ್ಲೇ ಇದೆ.

ಮಾರಾಟದ ಲೆಕ್ಕ ಚಿಕ್ಕದು. 200 ರೂಪಾಯಿ ಪುಸ್ತಕಕ್ಕೆ ಅಂಗಡಿಯವರಿಗೆ ಶೇ 35 ಬಿಟ್ಟರೆ ಉಳಿದದ್ದು 130. ಅಚ್ಚು, ಡಿಟಿಪಿ, ಮುಖಪುಟ ಸೇರಿ ಪ್ರತಿಗೆ 90 ಬಿತ್ತು ಅಂದುಕೊಂಡರೆ ಕೈಗೆ 40. ಅಂಚೆ ನಿಮ್ಮದಾದರೆ ಅದೂ ಇಲ್ಲ. ನೇರ ಓದುಗರಿಗೆ ಮಾರಿದ ನೂರು ಪ್ರತಿ ಅಂಗಡಿಯ ಹೆಚ್ಚುಕಮ್ಮಿ ಮುನ್ನೂರಕ್ಕೆ ಸಮ ಅಂತ ತಿಳಿದುಕೊಂಡು, ಧಾರಾವಾಹಿ ಓದಿ ಕಾಗದ ಬರೆದವರ ವಿಳಾಸಗಳನ್ನು ಮೊದಲಿಂದ ಜೋಪಾನ ಮಾಡಿ. ಅಂಗಡಿಗೆ ಕೊಟ್ಟ ಪ್ರತಿಗಳಿಗೆ ದಿನಾಂಕ ಹಾಕಿದ ರಸೀದಿ ತೆಗೆದುಕೊಳ್ಳಿ, ಪರಿಚಯದವರೇ ಆದರೂ.

ಕಟ್ಟು ಬಿಚ್ಚಿದ ಸಂಜೆಯೇ 117ನೇ ಪುಟದಲ್ಲಿ ಕಣ್ಣಿಗೆ ಬಿತ್ತು: ನಾಯಕಿ ಇನ್ನೂ ‘ನೀವು’ ಅನ್ನಬೇಕಾದ ಹೊತ್ತಿನಲ್ಲಿ ‘ನಿಂಗೆ ಗೊತ್ತಾ’ ಅಂದುಬಿಟ್ಟಿದ್ದಾಳೆ. ‘ನಿನಗೆ’ ಹುಡುಕಿದ್ದೆ, ‘ನಿಂಗೆ’ ಹುಡುಕಿರಲಿಲ್ಲ. ತಪ್ಪು ಗುರುತಿಸಲು ಒಂದು ಪ್ರತಿಯನ್ನು ಬೇರೆ ಇಟ್ಟು ಬೆನ್ನಿಗೆ ಚೀಟಿ ಅಂಟಿಸಿದ್ದೇನೆ, ಈಗಾಗಲೇ ಒಂಬತ್ತು ಪೆನ್ಸಿಲ್ ಗೆರೆ ಬಿದ್ದಿದೆ.